ನೋಣಯ್ಯಣ್ಣನ ಕಂದು ಕಡಲು

೧೯೮೭ರಲ್ಲಿ ಫಳ್ನೀರಿನ ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನೀಷಿಯನ್ ಆಗಿದ್ದ ನಾನು ಪರೀಕ್ಷೆಗೆಂದು ಕೊಯ್ಯುತ್ತಿದ್ದ ರೋಗಿಗಳ ಮಾಂಸದ ಚೂರು ಎಷ್ಟು ತೆಳುವೆಂದರೆ, ಒಮ್ಮೆ ಉಸಿರು ಬಿಟ್ಟರೆ ಸಾಕು, ಬಜಪೆ ವಿಮಾನ ನಿಲ್ದಾಣದವರೆಗೆ ಹಾರಿ ಹೋಗಿ ವಿಮಾನದ ಜತೆ ಪಂದ್ಯ ಕಟ್ಟುತ್ತಿತ್ತು. ಡಾಕ್ಟರ್ ಸರ್ವೋತ್ತಮ ಶೆಟ್ಟರು ಲಂಡನಿನಿಂದ ಒಂದು ಪುಟ್ಟ ಶೀಶೆ ತಂದಿದ್ದರು. ಅದರ ಮದ್ದು ತಾಗಿದರೆ ಬಾಯಿಯ ಕ್ಯಾನ್ಸರಿನ ಕೆಲವು ಕೋಶಗಳು ಕಂದಾಗುತ್ತವೆ. ಕಂದು ಹೆಚ್ಚಿದಷ್ಟೂ ರೋಗಿ ಉಳಿಯುವುದು ಕಷ್ಟವಾಗುತ್ತದೆಯೋ ಎಂದು ಅವರು ಇನ್ನೂ ಪರೀಕ್ಷಿಸುತ್ತಿದ್ದರು. ನನಗಂತೂ ಅದು ಮೊದಲ ದಿನವೇ ಖಾತ್ರಿಯಾಗಿತ್ತು.

ತೊಕ್ಕೊಟ್ಟಿನ ನೋಣಯ್ಯಣ್ಣ ಹಂಚಿನ ಕಾರ್ಖಾನೆಯ ಕೆಲಸಗಾರ. ಕೆನ್ನೆಯೊಳಗೆ ಹುಣ್ಣು, ಮರುದಿನ ಆಪರೇಷನ್. ಅವರ ಹುಣ್ಣಿನ ಚೂರಿಗೆ ಆ ಮದ್ದು ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆ. ಕಡಲು! ಮುಸ್ಸಂಜೆಯ ಕಂದು ಕಡಲು, ಅದರ ತುಂಬ ದೀಪವಿಲ್ಲದೆ ತೇಲುವ ಸಾವಿರ ದೋಣಿಗಳು. ನಾನೂ ಒಂದನ್ನು ಹತ್ತಿ ಅರ್ಧ ಗಂಟೆ ತೇಲಿದೆ.

ಹೊರಗೆ ಬೆಂಚಿನಲ್ಲಿ ಕೂತಿದ್ದ ನೋಣಯ್ಯಣ್ಣ ಕೇಳಿದರು, "ಎಂತ ಉಂಟು ಅದರಲ್ಲಿ?"

"ಪೂರಾ ಕಂದು. ಕಂದು ಹೆಚ್ಚಿದಷ್ಟೂ ಉಳಿಯುವುದು ಕಷ್ಟ. ಇಷ್ಟು ಕಂದು ಲಂಡನಿನವರೂ ನೋಡಿರ್ಲಿಕ್ಕಿಲ್ಲ!"

"ಹಾಗಾದ್ರೆ ಕೊಯ್ದೂ ಪ್ರಯೋಜನ ಇಲ್ವಾ?"

ದೊಡ್ಡ ಡಾಕ್ಟರನಂತೆ ಕಣ್ಣು ಮುಚ್ಚಿ ಇಲ್ಲವೆಂದು ತಲೆಯಾಡಿಸಿಬಿಟ್ಟೆ. ಕಣ್ಣು ತೆರೆದಾಗ ಬೆಂಚು ಖಾಲಿ.

ಸ್ಲೈಡು ನೋಡಿದ ಶೆಟ್ಟರು ಹುಬ್ಬು ಗಂಟಿಕ್ಕಿದರು. "ಚಿತ್ತರಂಜನ, ರಕ್ತದ ಕಣ ಕೂಡ ಕಂದಾಗಿದೆ. ಮೊದಲು ಪೆರಾಕ್ಸೈಡಿನಲ್ಲಿ ಅದ್ದಿದ್ದೀಯಾ?"

ಅದ್ದಿರಲಿಲ್ಲ. ರಕ್ತ ತಾನಾಗಿಯೇ ಕಂದಾಗದಂತೆ ತಡೆಯುವ ಆ ನೀರಿನಲ್ಲಿ ನಾನು ಭಾನುವಾರ ಹೆಣ್ಣು ನೋಡಲು ಹೊರಡುವ ಮುಂಚೆ ಬಾಯಿ ಮುಕ್ಕಳಿಸಿದ್ದೆ, ಹಲ್ಲಿನ ಎಲೆಯಡಿಕೆಯ ಕರೆ ಹೋಗಲೆಂದು. ಹಲ್ಲು ಹಡಗುಗಳಿಗೆ ದಾರಿ ತೋರಿಸುವಷ್ಟು ಹೊಳೆದಿತ್ತು. ಉಳಿದ ನಾಲ್ಕು ಹನಿ ಕೊನೆಗೆ ಬಣ್ಣ ಬರಿಸಲಷ್ಟೇ ಸಾಕಾಗಿತ್ತು. ಅದನ್ನೂ, ನೋಣಯ್ಯಣ್ಣನಿಗೆ ತಲೆಯಾಡಿಸಿದ್ದನ್ನೂ ಒಪ್ಪಿಕೊಂಡೆ.

"ನಿಜವಾಗಿ ಕಂದು ಬಂದರೂ ಅದು ಆಯುಷ್ಯದ ಲೆಕ್ಕ ಅಲ್ಲ ಮಾರಾಯ, ಬರೀ ಅಂದಾಜು. ಆಪರೇಷನ್ ಆಗ್ಲೇಬೇಕು. ನೋಣಯ್ಯ ಎಲ್ಲಿ?"

ತೊಕ್ಕೊಟ್ಟಿಗೆ ಓಡಿದೆ. ನೇತ್ರಾವತಿಯ ಸೇತುವೆಯನ್ನು ಮೂರೇ ನೆಗೆತಕ್ಕೆ ದಾಟಿದೆ. ಕೆಳಗೆ ನದಿ ಕದಲದೆ ಮಲಗಿತ್ತು. ಓಡುತ್ತಿರುವುದು ನಾನೋ, ಸೇತುವೆಯೇ ನನ್ನ ಕಾಲಡಿಯಿಂದ ಸರಿಯುತ್ತಿದೆಯೋ ತಿಳಿಯಲಿಲ್ಲ.

ಅವರ ಮನೆಯಲ್ಲಿ ಹೆಂಡತಿ ದೇಯಿಯಕ್ಕ ಆಸ್ಪತ್ರೆಯ ಚೀಲದಿಂದ ಬಟ್ಟೆಗಳನ್ನು ಒಂದೊಂದಾಗಿ ಹೊರಗೆ ತೆಗೆಯುತ್ತಿದ್ದರು.

"ಸ್ಲೈಡ್ ಹಾಳು ಮಾಡಿದ್ದು ನಾನು, ನೋಣಯ್ಯಣ್ಣ," ಎಂದೆ. "ನೀವು ಎಷ್ಟು ವರ್ಷ ಇರ್ತೀರಿ ಅಂತ ನನಗೆ ಗೊತ್ತಿಲ್ಲ. ಡಾಕ್ಟ್ರಿಗೂ ಗೊತ್ತಿಲ್ಲ. ಆದ್ರೆ ಆಪರೇಷನ್ ಬೇಕೇ ಬೇಕು ಅಂತಾರೆ."

"ಮೊದಲು ಕೊಯ್ಯಬೇಕಾದ್ದು ನಿಮ್ಮ ಬಾಯಿ!" ಎಂದರು ದೇಯಿಯಕ್ಕ. ಬಟ್ಟೆಗಳು ಆಗಲೇ ಚೀಲಕ್ಕೆ ವಾಪಸು ಇಳಿಯುತ್ತಿದ್ದವು.

ನೋಣಯ್ಯಣ್ಣ ನಗಲು ಹೋಗಿ ನೋವಿಗೆ ಕೆನ್ನೆ ಒತ್ತಿ ಹಿಡಿದರು.

"ಗೊತ್ತಿಲ್ಲ ಅಂತಾದ್ರೆ," ಎಂದು ಚಪ್ಪಲಿ ಮೆಟ್ಟಿದರು, "ಹೋಗಿ ನೋಡುವ."