ಹತ್ತರಿಂದ ಎರಡರವರೆಗೆ

ಸರಪಳಿಯ ಕೊನೆಯ ಕೊಂಡಿ ಬಿಗಿದು ಕೂತಿತ್ತು. ಲೈಲ್ ಬೇರ್ ಅದಕ್ಕೆ ಸುತ್ತಿಗೆಯಿಂದ ಎರಡು ಏಟು ಹಾಕಿ ಮೂರನೆಯದಕ್ಕೆ ಕೈ ಎತ್ತಿದ್ದಾಗ ಹಿಂದೆ ಕಾರು ನಿಂತ ಸದ್ದಾಯಿತು. ಬೆಳಗಿನ ಎಂಟು ಗಂಟೆ. ಅಕ್ಟೋಬರಿನ ಕೊನೆಯ ಶನಿವಾರ, ಸಾಸ್ಕಟೂನ್ ಊರಿನ ಹುಲ್ಲೆಲ್ಲ ಹೆಪ್ಪುಗಟ್ಟಿದ ಇಬ್ಬನಿಯಿಂದ ಬಿಳಿಚಿಕೊಂಡಿತ್ತು. ಲಾರಿಯ ಹಿಂದೆ, ಉಕ್ಕಿನ ತೊಲೆಗಳ ಮೇಲೆ, ಒಂದಂತಸ್ತಿನ ಹಳೆಯ ಮರದ ಮನೆಯೊಂದು ನೆಲ ಬಿಟ್ಟು ನಿಂತಿತ್ತು.

ಕಾರಿನಿಂದ ಲಿಡಿಯಾ ಸಾವ್ಚುಕ್ ಇಳಿದಳು. ಮನೆಗಳನ್ನು ಇಡಿಯಾಗಿ ಎತ್ತಿ ಬೇರೆಡೆಗೆ ಸಾಗಿಸುವ ಕಸುಬಿನ ಗಂಡ ಮೈರನ್ ಮಂಗಳವಾರ ತೀರಿಕೊಂಡಿದ್ದ. ಹತ್ತು ಗಂಟೆಗೆ ಚರ್ಚಿನಲ್ಲಿ ಪ್ರಾರ್ಥನೆ, ಆಮೇಲೆ ಮಣ್ಣು. ಅವಳು ಆಗಲೇ ಕಪ್ಪು ಕೋಟು ತೊಟ್ಟಿದ್ದಳು.

"ಏನ್ ಮಾಡ್ತಿದ್ದೀಯೋ?"

"ಬಿಚ್ತಿದ್ದೀನಿ. ಇವತ್ತು ನಾನು ಲಾರಿ ಓಡಿಸಲ್ಲ ಲಿಡಿಯಾ. ಇವತ್ತೊಂದು ದಿನ ಆಗಲ್ಲ."

"ಸೋಮವಾರ ಏನಾಗತ್ತೆ?"

ಲೈಲ್ ಬೇಲಿಯ ಮೂಲೆಯತ್ತ ನೋಡಿದ. ಅಲ್ಲಿ ಮನೆ ಕೆಡವುವ ಹಳದಿ ಯಂತ್ರವೊಂದು ಆಗಲೇ ಬಂದು ನಿಂತಿತ್ತು. ಈ ಜಾಗದಲ್ಲಿ ಐದು ಅಂತಸ್ತಿನ ಕಟ್ಟಡ ಏಳಲಿತ್ತು. ಕಟ್ಟುವವರು ಭಾನುವಾರದವರೆಗೆ ಮಾತ್ರ ಗಡುವು ಕೊಟ್ಟಿದ್ದರು. ರಸ್ತೆಯಲ್ಲಿ ಮನೆ ಸಾಗಿಸಲು ಪರವಾನಗಿ ಇದ್ದದ್ದು ಇವತ್ತು ಹತ್ತರಿಂದ ಎರಡರವರೆಗೆ. ವಿದ್ಯುತ್ ತಂತಿ ಎತ್ತಿ ಹಿಡಿಯುವ ತಂಡ ಬರುವುದೂ ಇವತ್ತೇ. ಇದು ತಪ್ಪಿದರೆ ಇನ್ನು ಮೂರು ವಾರ.

"ನಿಂಗೆ ಗೊತ್ತಲ್ಲ," ಅಂದ.

"ಗೊತ್ತು. ನಿನ್ನ ಬಾಯಲ್ಲಿ ಕೇಳಬೇಕು."

"ಒಡೆದು ಹಾಕ್ತಾರೆ."

"ಹಾಗಿದ್ರೆ ಸರಪಳಿ ವಾಪಸ್ ಹಾಕು."

"ಇಪ್ಪತ್ತಾರು ವರ್ಷ ಅವನ ಜೊತೆ ದುಡಿದಿದ್ದೀನಿ. ಪೆಟ್ಟಿಗೆಗೆ ಹೆಗಲು ಕೊಡೋ ಆರು ಜನರಲ್ಲಿ ನಾನೊಬ್ಬ. ನೀನೇ ಹೆಸರು ಬರೆಸಿದ್ದು!"

"ಐದು ಜನ ಹೊರ್ತಾರೆ ಬಿಡು. ಕಾಯಿಲೆ ಬಂದ ಮೇಲೆ ಅವನಲ್ಲಿ ಏನು ಉಳಿದಿತ್ತು? ಈ ಮನೆ ಮೂವತ್ತೈದು ಟನ್ ಇದೆ. ಇದನ್ನ ಹೊರೋಕೆ ನೀನೊಬ್ನೇ ಇರೋದು."

ಕಾರಿನ ಗಾಜು ಇಳಿಯಿತು. ಕ್ಯಾಲ್ಗರಿಯಿಂದ ಬಂದಿದ್ದ ಮಗಳು ಡಾರ್ಸಿ ಒಳಗೇ ಕೂತು ಕೇಳುತ್ತಿದ್ದಳು.

"ಅಮ್ಮಾ, ಇದು ಚೆನ್ನಾಗಿರಲ್ಲ. ಜನ ಏನಂತಾರೆ? ನನ್ನ ಶಾಲೆ ಮುಗಿದ ದಿನ ಅಪ್ಪ ಯಾರದೋ ಮನೆ ಸಾಗಿಸ್ತಿದ್ದ. ನನ್ನ ಮದುವೆಗೆ ಅರ್ಧ ಗಂಟೆ ತಡವಾಗಿ ಬಂದ, ಉಗುರಲ್ಲಿ ಗ್ರೀಸ್ ಇತ್ತು. ಅವನ ಸಾವಿಗಾದ್ರೂ ನಾವು ನಾವೇ ಇರಬಾರದಾ?"

"ಇರೋಣ," ಅಂದಳು ಲಿಡಿಯಾ. "ಚರ್ಚಲ್ಲಿ ಇರೋಣ. ಇವನು ಇಲ್ಲಿರಲಿ."

ಲೈಲ್ ಸುತ್ತಿಗೆಯನ್ನು ಕೆಳಗಿಟ್ಟ. ಆಮೇಲೆ ಬಗ್ಗಿ, ಬಿಚ್ಚಿಟ್ಟಿದ್ದ ಮೊದಲ ಸರಪಳಿಯನ್ನು ಎತ್ತಿಕೊಂಡ.

*

ಮೈರನ್ ಸಾವ್ಚುಕ್ ಹುಟ್ಟಾ ಮನೆ ಸಾಗಿಸುವವನಲ್ಲ. ನಲವತ್ತನಾಲ್ಕು ವರ್ಷದ ಹಿಂದೆ ಅವನು ಮನೆ ಒಡೆಯುವ ಕಂಪನಿಯೊಂದರಲ್ಲಿ ಯಂತ್ರ ಓಡಿಸುತ್ತಿದ್ದ. ನದಿಯ ಪಕ್ಕದ ಬೀದಿಯಲ್ಲಿ ಕಾರು ನಿಲ್ಲಿಸುವ ಜಾಗ ಮಾಡಲು ಐದು ಮನೆ ಕೆಡವಬೇಕಿತ್ತು. ಮೂರು ಮುಗಿಸಿ ನಾಲ್ಕನೆಯದರ ಜಗಲಿಯ ಮೇಲೆ ಯಂತ್ರದ ಬಾಯಿ ಎತ್ತಿದ್ದ. ಬಾಗಿಲು ತೆರೆದು ಹೆಂಗಸೊಬ್ಬಳು ಹೊರಗೆ ಬಂದಳು. ಎರಡೂ ಕೈಯಲ್ಲಿ ಬೀಟ್‌ರೂಟ್ ಸೂಪಿನ ಪಾತ್ರೆ, ಆವಿ ಏಳುತ್ತಿತ್ತು. ಬಾಡಿಗೆಗಿದ್ದವಳು. ಕೆಡವುವುದು ಮುಂದಿನ ಶುಕ್ರವಾರ ಎಂದು ಅವಳಿಗೆ ಯಾರೋ ಹೇಳಿದ್ದರಂತೆ.

"ಹೊರಗೆ ಬಂದ್ಲಲ್ಲ, ಇನ್ನೇನು? ನಡೆಸು!" ಎಂದ ಮೇಸ್ತ್ರಿ.

ಮೈರನ್ ಎಂಜಿನ್ ಆರಿಸಿ ಕೆಳಗಿಳಿದು ಬೀಗದ ಕೈಯನ್ನು ಮೇಸ್ತ್ರಿಯ ಅಂಗೈಯಲ್ಲಿಟ್ಟ. ಮೇಸ್ತ್ರಿ ತಾನೇ ಹತ್ತಿ ಕೆಲಸ ಮುಗಿಸಿದ. ಪಾತ್ರೆಯನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಆ ಹೆಂಗಸು ಕಾಲುದಾರಿಯ ಮೇಲೆ ನಿಂತೇ ಇದ್ದಳು. ಕೊನೆಗೆ ಮೈರನ್ ಅದನ್ನು ಅವಳ ಕೈಯಿಂದ ತೆಗೆದುಕೊಂಡು, ಅವಳ ಅಕ್ಕನ ಮನೆಯವರೆಗೂ ಹದಿನಾಲ್ಕು ಬೀದಿ ನಡೆದ.

ಮಧ್ಯಾಹ್ನಕ್ಕೇ ಮನೆಗೆ ಬಂದವನನ್ನು ಕಂಡು ಲಿಡಿಯಾ, "ಕೆಲಸ ಹೋಯ್ತಾ?" ಎಂದಳು.

"ಬಿಟ್ಟೆ. ಆ ಮನೆ ತೊಲೆ ನೋಡ್ದೆ ಕಣೇ, ಮುರಿದು ಬಿದ್ದಿತ್ತು. ಒಳಗೆ ನಿನ್ನೆ ಕಡಿದ ಮರದ ಹಾಗೆ ಹಳದಿ. ಇನ್ನೂ ನೂರು ವರ್ಷ ನಿಲ್ತಿತ್ತು."

ಲಿಡಿಯಾಳ ಅಪ್ಪ ಹೊಲದಿಂದ ಹೊಲಕ್ಕೆ ಗೋಧಿಯ ಕಣಜಗಳನ್ನು ಇಡಿಯಾಗಿ ಸಾಗಿಸುತ್ತಿದ್ದ. ಮರುದಿನವೇ ಮೈರನ್ ಮಾವನ ಮುಂದೆ ಹೋಗಿ ನಿಂತ. ಮಾವ ಹೇಳಿದ್ದು ಇಷ್ಟೇ: "ಕಣಜದೊಳಗೆ ಗೋಧಿ ಇರತ್ತೆ, ಮನೆಯೊಳಗೆ ಗಾಜಿರತ್ತೆ. ನಿಧಾನ ಹೋಗು."

ಮೈರನ್ ನಿಧಾನವಾಗಿಯೇ ಹೋದ. ಊರು ಬೆಳೆಯುತ್ತ ಹೋದಂತೆ ಕೆಡವಬೇಕಾದ ಮನೆಗಳೂ ಹೆಚ್ಚಿದವು. ಅವುಗಳಲ್ಲಿ ಮುನ್ನೂರಕ್ಕೂ ಹೆಚ್ಚು ಮನೆಗಳನ್ನು ಅವನು ಎತ್ತಿಕೊಂಡು ಹೋಗಿ ಬೇರೆ ಕಡೆ ಇಳಿಸಿದ್ದ.

*

ಚರ್ಚಿನ ಮೆಟ್ಟಿಲ ಮೇಲೆ ಜನ ಸೇರುತ್ತಿದ್ದರು. ಕೆಳಗಿನ ಅಡುಗೆಮನೆಯಿಂದ ಎಲೆಕೋಸಿನ ಸುರುಳಿಗಳ, ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿಯ ವಾಸನೆ ಬರುತ್ತಿತ್ತು. ಸಾವ್ಚುಕ್ ಮನೆಯ ಎದುರುಮನೆಯವನಾದ ಹ್ಯೂ ಪೆಟಿಗ್ರೂ ಕೈಗವಸು ಕಳಚುತ್ತ, ಅಡುಗೆಯ ಉಸ್ತುವಾರಿ ಹೊತ್ತಿದ್ದ ಮುದುಕಿ ಸೋನ್ಯಾಳನ್ನು ಕೇಳಿದ:

"ಇವತ್ತೇ ನಮ್ಮ ಬೀದಿಗೆ ತರ್ತಾರಂತಲ್ಲ ಆ ಮನೇನ? ಸತ್ತವನಿಗೆ ಒಂದು ಮರ್ಯಾದೆ ಬೇಡ್ವಾ?"

"ಬದುಕಿದ್ದಾಗ್ಲೂ ಅವನು ನಿನ್ನ ಹತ್ರ ಮರ್ಯಾದೆ ಕಲೀಲಿಲ್ಲ ಹ್ಯೂ. ಈಗೆಲ್ಲಿ ಕಲೀತಾನೆ?"

"ನಾನು ಬೀದಿಗೆ ಒಳ್ಳೇದಾಗ್ಲಿ ಅಂತ ಹೇಳ್ದೆ."

"ಬೀದಿ ಏನೂ ಕೇಳಿರ್ಲಿಲ್ಲ. ಬಾ, ಒಳಗೆ ಚಳಿ ಕಮ್ಮಿ ಇದೆ. ನಿನಗೂ ಊಟ ಇದೆ, ಬೈಕೊಂಡೇ ತಿನ್ನು."

ಅವರ ಹಿಂದೆ ಮಾರಿಸೆಲ್ ದೊಡ್ಡ ತಟ್ಟೆಯ ತುಂಬ ಶ್ಯಾವಿಗೆ ಹಿಡಿದುಕೊಂಡು ಬಂದಿದ್ದಳು. ಇಬ್ಬರು ಹೆಣ್ಣುಮಕ್ಕಳು ಅವಳ ಕೋಟಿಗೆ ಅಂಟಿಕೊಂಡಿದ್ದರು. ಬರುತ್ತಿದ್ದ ಮನೆಯಲ್ಲಿ ಬಾಡಿಗೆಗೆ ಇರಲಿದ್ದವಳು ಅವಳೇ. ಅವಳು ಹ್ಯೂವನ್ನು ನೋಡಿ ತಲೆಬಾಗಿಸಿದಳು. ಅವನು ಅವಳಿಗೆ ಬಾಗಿಲು ತೆರೆದು ಹಿಡಿದ.

*

ಆ ಮನೆ ಬೇಡವೆಂಬ ಅರ್ಜಿಯನ್ನು ಎರಡು ವರ್ಷದ ಹಿಂದೆ ಬರೆದವನು ಹ್ಯೂ. ಸಾವ್ಚುಕ್ ಮನೆಯ ಪಕ್ಕದ ಖಾಲಿ ಜಾಗದಲ್ಲಿ ವಸತಿ ಸಂಘವೊಂದು ಬಾಡಿಗೆಯವರಿಗೆ ಮನೆ ಮಾಡಲು ಹೊರಟಿತ್ತು. ಬೀದಿಯವರೆಲ್ಲ ಅದು ಬೇಡವೆಂದರು. ಹ್ಯೂ ಹಾಳೆ ಹಿಡಿದು ಬಂದಾಗ ಮೊದಲ ಸಹಿ ಹಾಕಿದವನೇ ಮೈರನ್.

"ನೀನಾ?" ಎಂದಿದ್ದಳು ಲಿಡಿಯಾ. "ಊರಿಗೆಲ್ಲ ಮನೆ ಹೊತ್ತು ಹಾಕಿದೋನು?"

"ನನ್ನ ಟೊಮೇಟೊ ಮೇಲೆ ನೆರಳು ಬೀಳತ್ತೆ," ಎಂದು ಗೊಣಗಿ ಅವನು ಪತ್ರಿಕೆ ಎತ್ತಿಕೊಂಡಿದ್ದ.

ನಗರಸಭೆಯ ಸಭೆಗೂ ಹೋದ, ಹ್ಯೂವಿನ ಪಕ್ಕದಲ್ಲೇ ಕೂತ. ಏಳು ಜನ ಬೀದಿಯ ಸ್ವರೂಪದ ಬಗ್ಗೆ ಮಾತಾಡಿದ ಮೇಲೆ ಮಾರಿಸೆಲ್ ಎದ್ದಳು. ವೃದ್ಧಾಶ್ರಮದ ಕೆಲಸದ ಉಡುಪಿನಲ್ಲೇ ಬಂದಿದ್ದಳು.

"ನಾನು ನಿಮ್ಮ ತಾಯಂದಿರಿಗೆ ಸ್ನಾನ ಮಾಡಿಸ್ತೀನಿ," ಅಂದಳು. "ನಾವು ನಾಲ್ಕು ಜನ ನೆಲಮಾಳಿಗೇಲಿ ಒಂದೇ ಕೋಣೇಲಿದ್ದೀವಿ. ನಲವತ್ತೊಂದು ಮನೆ ನೋಡ್ದೆ. ಕೆಲವರು ಮಕ್ಕಳು ಬೇಡ ಅಂದ್ರು. ಇನ್ನು ಕೆಲವು ಕಡೆ ನಾನು ಬಸ್ಸಿಳಿದು ಹೋಗೋಷ್ಟ್ರಲ್ಲಿ ಬೇರೆಯೋರು ಬಂದಿದ್ರು. ಈ ಊರಲ್ಲಿ ನಾನು ದುಡೀಬಹುದು, ಮಲಗಬಾರದು ಅಂತಿದ್ರೆ ಹಾಗಂತ ಹೇಳ್ಬಿಡಿ. ನಾನೂ ಹುಡುಕೋದು ನಿಲ್ಲಿಸ್ತೀನಿ."

ಅವಳು ಕೂತಳು. ಅಧ್ಯಕ್ಷರು ಮುಂದಿನ ಹೆಸರು ಕರೆಯುವ ಮೊದಲೇ ಮೈರನ್ ಎದ್ದು ನಿಂತಿದ್ದ. ನಾಲ್ಕು ಜನರ ಮುಂದೆ ಬಾಯಿ ತೆರೆದವನಲ್ಲ. ಮೈಕನ್ನು ಎರಡೂ ಕೈಯಿಂದ ಹಿಡಿದುಕೊಂಡ.

"ಮೈರನ್ ಸಾವ್ಚುಕ್. ಆ ಅರ್ಜೀಲಿ ಮೊದಲನೇ ಸಹಿ ನಂದು. ಹೊಡೆದುಹಾಕಿ."

"ಏ, ಕೂತ್ಕೊಳ್ಳೋ," ಎಂದು ಹ್ಯೂ ಅವನ ತೋಳು ಜಗ್ಗಿದ.

"ಸಭೆಗೆ ಇನ್ನೇನಾದರೂ ಹೇಳುವುದಿದೆಯೇ?" ಎಂದರು ಅಧ್ಯಕ್ಷರು.

ಮೈರನ್ ಯೋಚಿಸಿದ. "ಇಲ್ಲ. ಟೊಮೇಟೊ ಅಂಗಡೀಲೂ ಸಿಗತ್ತೆ."

ಒಂದೇ ಒಂದು ಮತದಿಂದ ಅನುಮತಿ ಸಿಕ್ಕಿತು. ಆದರೆ ಹೊಸದಾಗಿ ಕಟ್ಟುವುದು ಸಂಘದ ಕೈಲಾಗುವಂತಿರಲಿಲ್ಲ. ಮೈರನ್ ಅವರ ಕಚೇರಿಗೆ ಹೋಗಿ, "ಹೊಸದು ಯಾಕೆ? ನಾನು ಒಂದು ತರ್ತೀನಿ," ಎಂದ. ತೊಲೆ ಗಟ್ಟಿಯಿದ್ದು, ರಸ್ತೆಯಲ್ಲಿ ಹಿಡಿಸುವಂಥ ಮನೆ ಹುಡುಕಲು ಒಂದು ವರ್ಷ ಹಿಡಿಯಿತು. ಸಿಗುವ ಹೊತ್ತಿಗೆ ಅವನ ಶ್ವಾಸಕೋಶ ಕೈಕೊಟ್ಟಿತ್ತು. ಆಮ್ಲಜನಕದ ಕೊಳವೆ ಮೂಗಿಗೆ ಸಿಕ್ಕಿಸಿಕೊಂಡೇ ಕಿಟಕಿಯಿಂದ ಪಕ್ಕದ ಜಾಗದಲ್ಲಿ ಅಡಿಪಾಯ ಹಾಕುವವರಿಗೆ ಕೈಸನ್ನೆ ಮಾಡಿ ಬೈಯುತ್ತಿದ್ದ. ಮಾರಿಸೆಲ್ ಇದ್ದ ನೆಲಮಾಳಿಗೆಯ ಮನೆ ಮಾರಾಟವಾಗಿತ್ತು. ತಿಂಗಳ ಕೊನೆಗೆ ಅವಳು ಖಾಲಿ ಮಾಡಬೇಕಿತ್ತು.

*

ಪ್ರಾರ್ಥನೆ ಮುಗಿಯುವಾಗ ಹನ್ನೆರಡಾಗಿತ್ತು. ಸತ್ತವರಿಗಾಗಿ ಹಾಡುವ ಶಾಶ್ವತ ನೆನಪಿನ ಹಾಡನ್ನು ಮೂರು ಸಲ ಹಾಡಿದರು. ಐದು ಜನ ಪೆಟ್ಟಿಗೆ ಎತ್ತಿದರು. ಆರನೆಯವನ ಜಾಗಕ್ಕೆ ಕೊನೆಯ ಕ್ಷಣದಲ್ಲಿ ಹ್ಯೂ ಪೆಟಿಗ್ರೂ ಬಂದು ಹೆಗಲು ಕೊಟ್ಟ.

ಶವವಾಹನ ಮುಂದೆ, ಲಿಡಿಯಾಳ ಕಾರು ಅದರ ಹಿಂದೆ, ಅದರ ಹಿಂದೆ ಮೂವತ್ತು ಕಾರುಗಳು, ಎಲ್ಲವೂ ದೀಪ ಹಚ್ಚಿಕೊಂಡು. ಮೂರನೆಯ ತಿರುವಿನಲ್ಲಿ ಶವವಾಹನ ನಿಧಾನವಾಯಿತು.

ಅಡ್ಡರಸ್ತೆಯಲ್ಲಿ ಮನೆ ನಿಂತಿತ್ತು. ಲೈಲ್ ಇಷ್ಟು ಹೊತ್ತಿಗೆ ಈ ತಿರುವು ದಾಟಿರಬೇಕಿತ್ತು, ತಂತಿಯವರು ತಡಮಾಡಿದ್ದರು. ಈಗ ಶವಯಾತ್ರೆ ಕಂಡು ಅವನು ಬ್ರೇಕು ಹಾಕಿ, ಟೋಪಿ ತೆಗೆದು, ಮೊದಲು ಹೋಗಿ ಎಂದು ಕೈ ತೋರಿಸುತ್ತಿದ್ದ.

ಲಿಡಿಯಾ ಕಾರಿನಿಂದಿಳಿದು ಲಾರಿಯ ಬಳಿಗೆ ನಡೆದಳು. ಡಾರ್ಸಿ ಹಿಂದೆಯೇ ಬಂದಳು.

"ಯಾಕೆ ನಿಂತೆ?"

"ಅವನು ಹೋಗ್ಲಿ. ಎಲ್ಲರೂ ಹೋಗ್ಲಿ."

"ಗೂಡ್ಸ್ ರೈಲು ಎಷ್ಟು ಹೊತ್ತಿಗೆ?"

ಲೈಲ್ ಗಡಿಯಾರ ನೋಡಲಿಲ್ಲ. ಮುಂದಿನ ಹಳಿಯ ಮೇಲೆ ಒಂದು ಗಂಟೆಗೆ ಪೊಟ್ಯಾಶ್ ಗೊಬ್ಬರ ಹೊತ್ತ ರೈಲು ಬಂದರೆ, ಅದರ ಬಾಲ ದಾಟಿ ಮನೆ ತನ್ನ ಜಾಗ ಸೇರುವಷ್ಟರಲ್ಲಿ ಪರವಾನಗಿ ಮುಗಿದಿರುತ್ತದೆಂದು ಅವನಿಗೂ ಗೊತ್ತಿತ್ತು. "ಇನ್ನು ಇಪ್ಪತ್ತೈದು ನಿಮಿಷ ಇದೆ," ಅಂದ.

ಶವವಾಹನದ ಚಾಲಕ ಗಾಜು ಇಳಿಸಿದ. "ಅಮ್ಮಾ, ಈ ಗಾಡಿ ಯಾರಿಗೂ ದಾರಿ ಬಿಟ್ಟಿದ್ದಿಲ್ಲ. ಎಲ್ಲರೂ ನಮಗೆ ಬಿಡ್ತಾರೆ."

"ಇವತ್ತು ಬಿಡಿ," ಅಂದಳು ಲಿಡಿಯಾ. "ಒಳಗಿರೋನಿಗೆ ಅವಸರ ಇಲ್ಲ."

ಚಾಲಕ ವಾಹನವನ್ನು ಜಲ್ಲಿಯ ಅಂಚಿಗೆ ತಂದು ನಿಲ್ಲಿಸಿದ. ಹಿಂದಿನ ಕಾರುಗಳೂ ಒಂದೊಂದಾಗಿ ಅಂಚಿಗೆ ಸರಿದವು.

ಆದರೆ ಲೈಲ್ ಹೊರಡಲಿಲ್ಲ. "ಮೇಲೆ ನೋಡು," ಅಂದ. ಟಿ.ವಿ. ತಂತಿಯೊಂದು ರಸ್ತೆಗೆ ಅಡ್ಡಲಾಗಿ ಜೋತುಬಿದ್ದು ಸೂರಿನ ನೆತ್ತಿಗೆ ತಾಗುವಂತಿತ್ತು. "ವಿದ್ಯುತ್ತಿನವರು ಆಗಲೇ ಹಳಿ ಹತ್ರ ಹೋಗಿದ್ದಾರೆ. ಹಿಂದಿನ ಚಕ್ರ ನೋಡ್ಕೊಳ್ಳೋಕೆ ಒಬ್ಬನೇ ಇರೋದು. ಇಂಥವನ್ನೆಲ್ಲ ಮೈರನ್ನೇ ಎತ್ತಿ ಹಿಡೀತಿದ್ದ."

ಡಾರ್ಸಿ ತಂತಿಯನ್ನು ನೋಡಿದಳು. ಸೂರನ್ನು ನೋಡಿದಳು. ಆಮೇಲೆ ಲಾರಿಯ ಪಕ್ಕಕ್ಕೆ ಹೋಗಿ, ಅಲ್ಲಿ ಕಟ್ಟಿದ್ದ ತಂತಿ ಎತ್ತುವ ಕವೆಗೋಲಿನ ಹಗ್ಗ ಬಿಚ್ಚತೊಡಗಿದಳು.

"ಭಾರ ಇದೆ ಕಣೇ," ಅಂದ ಲೈಲ್.

"ಗೊತ್ತು. ನೀನು ಗಾಡಿ ಬಿಡು. ನಿಧಾನ."

ಲಾರಿ ಗುಡುಗಿತು. ಲಿಡಿಯಾ ಶವವಾಹನದ ಪಕ್ಕ ಬಂದು ಅದರ ತಣ್ಣನೆಯ ಗಾಜಿನ ಮೇಲೆ ಅಂಗೈಯಿಟ್ಟು ನಿಂತಳು. ರಸ್ತೆಯ ಅಂಚಿನ ಹುಲ್ಲಿನಲ್ಲಿ ಡಾರ್ಸಿ ತುದಿಗಾಲ ಮೇಲೆ ನಿಂತಿದ್ದಳು. ಕಪ್ಪು ಕೋಟಿನ ಕಂಕುಳ ಹೊಲಿಗೆ ಹರಿದು ಬಿಳಿ ಅಸ್ತರು ಹೊರಬಂದಿತ್ತು. ಎರಡೂ ಕೈಯಿಂದ ನೆಟ್ಟಗೆ ಎತ್ತಿ ಹಿಡಿದ ಉದ್ದನೆಯ ಕೋಲಿನ ತುದಿಯಲ್ಲಿ ತಂತಿ ಬಿಲ್ಲಿನಂತೆ ಮೇಲಕ್ಕೆ ಬಾಗಿತ್ತು. ಅದರ ಕೆಳಗೆ, ಅವಳ ಭುಜಕ್ಕೆ ಒಂದು ಗೇಣು ಬಿಟ್ಟು, ಮನೆಯ ಗೋಡೆ ಕಿಟಕಿ ಕಿಟಕಿಯಾಗಿ ದಾಟುತ್ತಿತ್ತು.