ಫ್ರಿಜ್ ಮೇಲಿನ ಪತ್ರಕ್ಕೆ ಅರವತ್ತಮೂರು ದಿನ

ಬೆಳಗಿನ ನಾಲ್ಕೂವರೆಗೆ ಜೋಯೆಲ್ ಲಾಹ್ಟಿ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಾಳೆ. ಗಂಡ ವೇಯ್ನ್‌ನನ್ನು ಮೂವತ್ತು ಮೈಲಿ ಆಚೆಯ ಮರದ ಮಿಲ್ಲಿಗೆ ಬಿಟ್ಟು, ಆಮೇಲೆ ಆಸ್ಪತ್ರೆಯ ಅಡುಗೆಮನೆಗೆ ತನ್ನ ಕೆಲಸಕ್ಕೆ ಹೋಗಬೇಕು. ಕುಡಿದು ಗಾಡಿ ಓಡಿಸಿ ಎರಡು ಸಲ ಸಿಕ್ಕಿಬಿದ್ದ ವೇಯ್ನ್‌ಗೆ ಮೂರು ವರ್ಷದಿಂದ ಲೈಸೆನ್ಸ್ ಇಲ್ಲ. ಜೋಯೆಲ್‌ಗೆ ಸೊಂಟದ ಕೀಲು ಸವೆದಿದೆ. ಜೂನ್‌ನಲ್ಲಿ ಶಸ್ತ್ರಚಿಕಿತ್ಸೆ. ಆಮೇಲೆ ಎರಡು ತಿಂಗಳು ಅವಳು ಗಾಡಿ ಮುಟ್ಟುವಂತಿಲ್ಲ.

ಕೆಲಸಕ್ಕೂ ಆಸ್ಪತ್ರೆಗೂ ಮಾತ್ರ ಓಡಿಸುವ ಷರತ್ತಿನ ಲೈಸೆನ್ಸಿಗೆ ವೇಯ್ನ್ ಅರ್ಜಿ ಹಾಕಿದ್ದ. ಅಕ್ಟೋಬರ್‌ನಲ್ಲಿ ಲೈಸೆನ್ಸ್ ಇಲಾಖೆಯ ಅಧಿಕಾರಿಯ ಮುಂದೆ ವಿಚಾರಣೆ ನಡೆಯಿತು. ಡಿಸೆಂಬರ್ 6ರ ತಾರೀಖು ಹಾಕಿದ ಪತ್ರ ಬಂತು: ಅರ್ಜಿ ತಿರಸ್ಕೃತ. ವೇಯ್ನ್ ಅದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ ಸುಮ್ಮನಾದ.

ಜನವರಿಯ ಒಂದು ಶನಿವಾರ ಊರಿನ ಹಿರಿಯ ಗೆಳತಿ ಆರ್ಡಿಸ್ ಮ್ಯಾಕಿ ಏಲಕ್ಕಿ ಬ್ರೆಡ್ ಹಿಡಿದು ಅವರ ಮನೆಯ ಸೌನಾಕ್ಕೆ, ಎಂದರೆ ಹಬೆಸ್ನಾನಕ್ಕೆ, ಬಂದರು. ಕೌಂಟಿ ಕೋರ್ಟಿನಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿದ್ದವರು. ಒಲೆ ಕಾಯುವಷ್ಟರಲ್ಲಿ ಫ್ರಿಜ್ ಮೇಲಿನ ಪತ್ರವನ್ನು ಪೂರ್ತಿ ಓದಿದರು.

ತಿರಸ್ಕಾರಕ್ಕೆ ಕಾರಣ ಒಂದೇ. ಕುಡಿತ ಬಿಟ್ಟು ಹತ್ತಿರಹತ್ತಿರ ಮೂರು ವರ್ಷವಾಯಿತು ಎಂದು ವೇಯ್ನ್ ಹೇಳಿದ್ದ. ಆದರೆ ಪಕ್ಕದ ಮನೆಯ ಐನರ್ ತನ್ನ ಬೆಂಬಲ ಪತ್ರದಲ್ಲಿ, "ವೇಯ್ನ್ ಕುಡಿಯದೆ ಎರಡು ಬೇಟೆ ಬಿಡಾರ ಕಳೆದ" ಎಂದು ಬರೆದಿದ್ದ. ನಮ್ಮೂರಲ್ಲಿ ಎಲ್ಲರೂ ನವೆಂಬರಿನ ಜಿಂಕೆ ಬೇಟೆಗೆ ಕಾಡಲ್ಲಿ ಹೂಡುವ ಬಿಡಾರದಿಂದಲೇ ವರ್ಷ ಎಣಿಸುತ್ತಾರೆ. ದೂರದ ಊರಿನ ವಿಚಾರಣಾಧಿಕಾರಿ ಎರಡು ಬಿಡಾರ ಎಂದರೆ ಎರಡೇ ವರ್ಷ ಎಂದು ತಿಳಿದು, ಹೇಳಿಕೆಗಳು ತಾಳೆಯಾಗುವುದಿಲ್ಲ ಎಂದು ಬರೆದಿದ್ದರು.

"ಇದನ್ನ ವಿಚಾರಣೇಲಿ ಕೇಳಿದ್ರಾ?" ಎಂದರು ಆರ್ಡಿಸ್.

ಕೇಳಿದ್ದರು, ವೇಯ್ನ್ ಉತ್ತರವನ್ನೂ ಕೊಟ್ಟಿದ್ದ. 2020ರ ಬಿಡಾರ ಮುಗಿದ ದಿನ ಬಿಟ್ಟೆ, ಆಮೇಲೆ ಎರಡು ಬಿಡಾರ ಆಯ್ತು, ಮೂರನೆಯದು ಮುಂದಿನ ತಿಂಗಳು, ಅಲ್ಲಿಗೆ ಮೂರು ವರ್ಷ ಎಂದಿದ್ದ. ಆ ಉತ್ತರದ ಸುದ್ದಿಯೇ ಪತ್ರದಲ್ಲಿರಲಿಲ್ಲ.

"ಹಾಗಾದ್ರೆ ಕೋರ್ಟಿಗೆ ಹೋಗು."

"ಬೇಡ ಆರ್ಡಿಸ್. ವರ್ಷ ಕಳೀಲಿ, ಮತ್ತೆ ಅರ್ಜಿ ಹಾಕ್ತೀನಿ. ಐನರ್ ಕೈಬರಹ ಅವರಿಗೆ ಓದೋಕಾದ್ರೂ ಬಂತಲ್ಲ, ಅದೇ ದೊಡ್ಡದು. ಮೇಲಾಗಿ ತಪ್ಪು ಮಾಡಿದೋನು ನಾನು. ಯಾವ ಮುಖ ಇಟ್ಕೊಂಡು ಜಗಳಕ್ಕೆ ಹೋಗ್ಲಿ?"

"ಕುಡಿದು ಓಡಿಸಿದ್ದು ನಿನ್ನ ತಪ್ಪು, ಅದಕ್ಕೆ ಶಿಕ್ಷೆ ಅನುಭವಿಸಿದೀಯ. ಇದು ನಿನ್ನ ತಪ್ಪಲ್ಲ. ಜೋಯೆಲ್ ಸೊಂಟ ಒಂದು ವರ್ಷ ಕಾಯತ್ತಾ, ಮಾರಾಯ?"

ಜೋಯೆಲ್ ಕಾಫಿ ಬಗ್ಗಿಸುತ್ತಲೇ ಹೇಳಿದಳು: "ಸೋಮವಾರ ಕಣ್ಣು ಮುಚ್ಚಿಹೋಯ್ತು ನಂಗೆ. ಸ್ಟೀರಿಂಗ್ ಹಿಡ್ಕೊಂಡಿದ್ದಾಗ್ಲೇ. ನಿಂಗೆ ಹೇಳಿರ್ಲಿಲ್ಲ."

ವೇಯ್ನ್ ಫ್ರಿಜ್ ಮೇಲಿನ ಪತ್ರವನ್ನು ಕಿತ್ತು ಮೇಜಿನ ಮೇಲಿಟ್ಟ. ಆಮೇಲೆ, ಐನರ್‌ನನ್ನೇ ಕರೆದೊಯ್ದು ಜಡ್ಜ್ ಮುಂದೆ ನಿಲ್ಲಿಸೋಣವೇ ಎಂದು ಕೇಳಿದ. ಆಗುವುದಿಲ್ಲ ಎಂದರು ಆರ್ಡಿಸ್. ಇಂಥ ಮೇಲ್ಮನವಿಯಲ್ಲಿ ಹೊಸ ಸಾಕ್ಷಿಗೆ ಜಾಗವಿಲ್ಲ. ವಿಚಾರಣೆಯ ದಾಖಲೆಯನ್ನು ಮಾತ್ರ ಜಡ್ಜ್ ಓದುತ್ತಾರೆ. ಅದಕ್ಕೇ ಅಂದು ಅವನು ಬಾಯಿಬಿಟ್ಟು ಉತ್ತರ ಹೇಳಿದ್ದು ದೊಡ್ಡ ಮಾತು. ತೀರ್ಮಾನದ ದಿನದಿಂದ ಅರವತ್ತಮೂರು ದಿನದೊಳಗೆ ಅರ್ಜಿ ಸಲ್ಲಬೇಕು. ಮೂವತ್ತೆಂಟು ಆಗಲೇ ಫ್ರಿಜ್ ಮೇಲೆ ಕಳೆದಿದ್ದವು.

ಆರ್ಡಿಸ್ ಒಬ್ಬ ವಕೀಲೆಯ ವಿಳಾಸ ಕೊಟ್ಟರು. ಫೆಬ್ರವರಿ 2ರಂದು, ಗಡುವಿಗೆ ಐದು ದಿನ ಇರುವಾಗ, ಅರ್ಜಿ ಸಲ್ಲಿಕೆಯಾಯಿತು.

ಮೇ ತಿಂಗಳಲ್ಲಿ ಜಡ್ಜ್ ದಾಖಲೆಯ ಮೂವತ್ತೊಂದನೇ ಪುಟ ತೆರೆದು ವೇಯ್ನ್‌ನ ಉತ್ತರವನ್ನು ಗಟ್ಟಿಯಾಗಿ ಓದಿದರು. "ಈ ಉತ್ತರ ಸುಳ್ಳು ಅಂತ ಅಧಿಕಾರಿ ಎಲ್ಲೂ ಹೇಳಿಲ್ಲ," ಎಂದರು. "ಉತ್ತರ ಬಂದಿದೆ ಅಂತಲೇ ಹೇಳಿಲ್ಲ." ತಿರಸ್ಕಾರ ರದ್ದಾಯಿತು. ಷರತ್ತಿನ ಲೈಸೆನ್ಸ್ ಕೊಡುವಂತೆ ಆದೇಶವಾಯಿತು.

ಜೂನ್‌ನಲ್ಲಿ ಶಸ್ತ್ರಚಿಕಿತ್ಸೆ ಮುಗಿದ ಜೋಯೆಲ್‌ಳನ್ನು ಮನೆಗೆ ಕರೆದೊಯ್ಯಲು ಬಂದ ವೇಯ್ನ್, ಆಸ್ಪತ್ರೆಯ ಬಾಗಿಲಲ್ಲಿ, ಷರತ್ತಿನಂತೆ ಕಾರಿಗೆ ಹಾಕಿಸಿದ್ದ ಉಸಿರು ಪರೀಕ್ಷೆಯ ಯಂತ್ರಕ್ಕೆ ಊದಿದ. ಕುಡಿದಿದ್ದರೆ ಎಂಜಿನ್ ಏಳುವುದಿಲ್ಲ. ಅದು ತಕ್ಷಣ ಎದ್ದಿತು. ಹೆದ್ದಾರಿ ಸೇರುವ ಮೊದಲೇ ಪಕ್ಕದ ಸೀಟಿನಲ್ಲಿ ಜೋಯೆಲ್‌ಗೆ ನಿದ್ದೆ ಹತ್ತಿತ್ತು. ಅವನು ಎಬ್ಬಿಸಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಪತ್ರ ಇದೆಯೇ? ಇವತ್ತೇ ಇಳಿಸಿ, ತಾರೀಖು ನೋಡಿ. ಅಲ್ಲಿಂದ ನಿಮ್ಮ ಗಡುವು ಎಣಿಸಿ (ನಮ್ಮ ರಾಜ್ಯದಲ್ಲಿ ಅರವತ್ತಮೂರು ದಿನ), ವಕೀಲರಿಗೆ ತೋರಿಸಿ. ಎಲ್ಲ ಮೇಲ್ಮನವಿಯೂ ಗೆಲ್ಲುವುದಿಲ್ಲ, ಆದರೆ ಗಡುವು ಮೀರಿದ ಮೇಲೆ ಕೇಳುವ ಕಿವಿ ಸಿಗುವುದು ಕಷ್ಟ. ಇನ್ನು, ಗೆಳೆಯನಿಗಾಗಿ ಬೆಂಬಲ ಪತ್ರ ಬರೆಯುವವರೇ, ಬಿಡಾರಗಳನ್ನು ಎಣಿಸಬೇಡಿ. ತಿಂಗಳು, ವರ್ಷ ಬರೆಯಿರಿ.