ಹಿಂದಕ್ಕೆ ಸರಿದ ಗಂಜಿ

ಲಗ್ನವಾದ ಹೊಸದರಲ್ಲಿ ನಮ್ಮ ಯಜಮಾನರು ನನ್ನೆದುರಿಗೆ ಹೊಗಳಿದ್ದು ಗಂಜಿಯನ್ನು. ಅದೂ ನಾನು ಮಾಡಿದ್ದನ್ನಲ್ಲ. ನೇಕಾರರು ಮಗ್ಗದ ಮೇಲೆ ಉದ್ದಕ್ಕೆ ಹಾಸುವ ನೂಲಿಗೆ ಹಚ್ಚುವ ಗಂಜಿಯನ್ನು! ಅವರು ಧಾರವಾಡದ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು. ಅಂಥ ಜಿಗುಟು ದ್ರವ ನಳಿಗೆಯೊಳಗೆ ಹೇಗೆ ಹರಿಯುತ್ತದೆಂದು ಸಮೀಕರಣ ಬರೆದು ಡಾಕ್ಟರೇಟ್ ಪಡೆಯುವ ಹಟ. ಗಂಜಿಯನ್ನು ಕೈಯಿಂದ ಮುಟ್ಟಿದವರಲ್ಲ. ನನಗೆ ಮೈ ಉರಿಯುತ್ತಿತ್ತು.

೧೯೫೬ರ ಬೇಸಿಗೆಯಲ್ಲಿ ಗಜೇಂದ್ರಗಡದ ನನ್ನ ತವರಿಗೆ ಬಂದಾಗ ಅವರಿಗೆ ಊಟವೇ ಸೇರುತ್ತಿರಲಿಲ್ಲ. ಯಾಕೆಂದು ಕೇಳಿದರೆ ಕಾಗದದ ಮೇಲೊಂದು ಸಣ್ಣ ಗೆರೆ ತೋರಿಸಿದರು, ವಜಾಬಾಕಿಯ, ಅಂದರೆ ಕಳೆಯುವ ಗೆರೆ. ಹರಿಯುತ್ತಿರುವ ಗಂಜಿಯ ಮೇಲಿನ ಒತ್ತಡವನ್ನು ಫಕ್ಕನೆ ತೆಗೆದರೆ ಅದು ನಿಲ್ಲುವುದಷ್ಟೇ ಅಲ್ಲ, ತುಸು ಹಿಂದಕ್ಕೂ ಸರಿಯುತ್ತದೆ ಎಂದು ಲೆಕ್ಕ ಹೇಳುತ್ತಿತ್ತು. ಅವರ ಗುರುಗಳು ನಕ್ಕುಬಿಟ್ಟಿದ್ದರಂತೆ. ಹರಿದದ್ದು ಹಿಂದೆ ಬರುವುದುಂಟೇ, ಆ ಗೆರೆ ಅಳಿಸದಿದ್ದರೆ ಪ್ರಬಂಧಕ್ಕೆ ಸಹಿ ಇಲ್ಲ ಎಂದಿದ್ದರಂತೆ. ಇವರು ತಿರುತಿರುಗಿ ಲೆಕ್ಕ ಮಾಡಿದರು, ತಪ್ಪು ಸಿಗಲಿಲ್ಲ. ಒಂದು ಮುಂಜಾನೆ ಸೋತು, ರಬ್ಬರಿನಿಂದ ಗೆರೆಯನ್ನು ಉಜ್ಜಿ ಗೋಡೆಗೆ ಮುಖ ಮಾಡಿ ಕೂತರು. ನಾನು ಪಕ್ಕಕ್ಕೆ ಹೋಗಿ ಕೂತೆ.

“ನಿಮ್ಮ ಲೆಕ್ಕ ಖರೇ ಐತೇನ್ರಿ?” ಎಂದೆ.

“ಖರೇ ಐತಿ ಗೌರಿ. ಆದ್ರ ಯಾರೂ ಕಣ್ಣಿಲೆ ಕಂಡಿಲ್ಲ.”

“ಹಂಗಾರ ನೋಡೂಣು, ಏಳ್ರಿ.”

ದವಾಖಾನೆಯಿಂದ ಗಾಜಿನ ನಳಿಗೆ, ರಬ್ಬರಿನ ಕೊಳವೆ ಬೇಡಿ ತಂದೆ. ಪಕ್ಕದ ಮನೆಯ ನೇಕಾರ ಯಮನೂರಸಾಬರು ಗಂಜಿ ಕೊಟ್ಟರು. ಹಲಗೆಯ ಮೇಲೆ ನಳಿಗೆ ಮಲಗಿಸಿ, ಗಡಿಗೆಗೆ ಕೊಳವೆ ಜೋಡಿಸಿದೆವು. ಗಡಿಗೆಯನ್ನು ಎತ್ತಿ ಹಿಡಿದರೆ ಹರಿವು; ನಳಿಗೆಯ ಮಟ್ಟಕ್ಕೆ ಇಳಿಸಿದರೆ ಒತ್ತಡವಿಲ್ಲ. ಮೊದಲು ಇವರು ನೀರು ಬಿಟ್ಟರು. ಗಡಿಗೆ ಇಳಿಸಿದಾಗ ಅದು ಮುಂದಕ್ಕೇ ತುಸು ಜಾರಿ ನಿಂತಿತು, ಹಿಂದೆ ಬರಲಿಲ್ಲ.

ಆಮೇಲೆ ಇವರೇ ಕೈಯಾರೆ ಇದ್ದಿಲ ಪುಡಿ ಕಲೆಸಿದ ಗಂಜಿ. ಇವರು ಲೆಕ್ಕ ಹಾಕಿ, ಕರಿ ಕಣ ಇಲ್ಲಿ ನಿಂತರೆ ಇಲ್ಲಿಯತನಕ ಹಿಂದೆ ಬರಬೇಕೆಂದು ನಳಿಗೆಗೆ ಎರಡು ಕೆಂಪು ನೂಲು ಕಟ್ಟಿದರು. ಮುಂದಿನ ನೂಲಿಗೆ ಒಂದು ಕಣ ಮುಟ್ಟಿತೋ ಇಲ್ಲವೋ, ಯಮನೂರಸಾಬರು ಗಡಿಗೆ ಇಳಿಸಿದರು. ಕಣ ನಿಂತಿತು. ಏನೋ ಮರೆತು ಬಂದವರ ಹಾಗೆ ಮೆಲ್ಲಗೆ ತಿರುಗಿ, ಹಿಂದಿನ ನೂಲು ಮುಟ್ಟಲು ಕೂದಲೆಳೆಯಷ್ಟಿರುವಾಗ ನಿಂತಿತು.

ಇವರಿಗೆ ಆ ಕೂದಲೆಳೆಯದೇ ಚಿಂತೆ. ಯಮನೂರಸಾಬರು ಮಾತ್ರ ಬಗ್ಗಿ ನಳಿಗೆಗೆ ಕಣ್ಣು ಹಚ್ಚಿದರು.

“ನಾ ಹುಟ್ಟಿದಾಗಿಂದ ಗಂಜಿ ಕಲಸೇನ್ರಿ ಮಾಸ್ತರ. ಹಿಂಗ ಹಿಂದ ಸರಿಯೂದು ನನ್ನ ಕಣ್ಣಿಗೆ ಬಿದ್ದಿಲ್ಲ. ನೀವು ಇವತ್ತಿನತನಕ ಮುಟ್ಟದನ ಹ್ಯಾಂಗ ಕಂಡ್ರಿ?”

ಇವರ ಕಣ್ಣು ತುಂಬಿತ್ತು. ಗುರುಗಳನ್ನೇ ಕರೆತಂದು ತೋರಿಸುತ್ತೇನೆಂದು ಎದ್ದವರು ಗೆರೆ ಅಳಿಸಿದ್ದ ಕಾಗದಕ್ಕೆ ಕೈ ಹಾಕಹೋದರು. ಮೊಣಕೈತನಕ ಗಂಜಿ! ನಾನೇ ಪೆನ್ಸಿಲ್ ತಗೊಂಡೆ. ಮೂರನೇ ಇಯತ್ತೆಗೇ ಸಾಲಿ ಬಿಟ್ಟವಳು.

“ಎಲ್ಲಿ ಹಾಕಬೇಕು, ತೋರಸ್ರಿ.”

ತೋರಿಸಿದರು. ಗೆರೆ ಎಳೆದೆ. ಸೊಟ್ಟ ಬಂತು. ತಿದ್ದಲು ಹೋದರೆ ಅವರು ಗಂಜಿ ಮೆತ್ತಿದ ಕೈಯಿಂದಲೇ ನನ್ನ ಕೈ ಹಿಡಿದು ತಡೆದರು.